ಸದಾಶಿವಪ್ಪನವರ ಗಾಜಿನ ತೂಗುದೀಪ

ಸತ್ತೇಗಾಲದ ಸದಾಶಿವಪ್ಪನವರಿಗೆ ಗದ್ದೆಯಿತ್ತು, ತೆಂಗಿತ್ತು, ಮದುವೆಗೆ ಬಂದ ಮಗಳಿದ್ದಳು. ಘನತೆಯೊಂದು ಕಡಿಮೆಯೆಂದು ಅವರಿಗೇ ಅನುಮಾನ. ಮಗಳು ಶಿವರತ್ನಳನ್ನು ನೋಡಲು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಗುರುಮಲ್ಲಪ್ಪನವರು ಮಗನನ್ನು ಕರೆದುಕೊಂಡು ಬರುತ್ತಾರೆಂದು ತಿಳಿದದ್ದೇ ತಡ, ಯಳಂದೂರಿಗೆ ಗಾಡಿ ಕಟ್ಟಿಸಿದರು. ಅಲ್ಲೊಂದು ಹಳೆಯ ಬಂಗಲೆ. ಯಜಮಾನರು ಇರುವುದು ಮೈಸೂರಿನಲ್ಲಿ. ಅವರ ತಾತಂದಿರ ಕಾಲದ ಪಲ್ಲಕ್ಕಿ, ಕತ್ತಿ, ಗಡಿಯಾರಗಳ ಧೂಳು ಒರೆಸಿಕೊಂಡಿರುವವನು ಕಾವಲಿನ ಮಂಟೇಸ್ವಾಮಿ. ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು ಅವನು ದಿವಾನಖಾನೆಯ ಗಾಜಿನ ತೂಗುದೀಪವನ್ನು ಗುಟ್ಟಾಗಿ ಇಳಿಸಿಕೊಟ್ಟ.

ಎತ್ತರದ ಸೂರಿಗೆಂದೇ ಮಾಡಿದ ದೀಪ ಅದು. ಸತ್ತೇಗಾಲದ ತೊಲೆಗೆ ಕಟ್ಟಿದಾಗ ಸದಾಶಿವಪ್ಪನವರ ಎದೆಮಟ್ಟಕ್ಕೆ ಬಂತು. ಹೆಂಡತಿ ದೊಡ್ಡಬಸಮ್ಮ ಸುತ್ತ ಒಮ್ಮೆ ನಡೆದು ನೋಡಿ, "ಈರುಳ್ಳಿ ಜೋತಾಕಕೆ ಚೆಂದಾಗಿ ಅದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಗಂಡಿನವರು ಬಂದರು, ಬಗ್ಗಿ, ದೀಪದಡಿ ನುಸುಳಿ, ಜಮಖಾನದ ಮೇಲೆ ಕೂತರು. (ಬಗ್ಗಿದ್ದು ತಮಗೇ ಎಂದು ಸದಾಶಿವಪ್ಪನವರು ಭಾವಿಸಿದರು.) ಯಾರೂ ಕೇಳುವ ಮೊದಲೇ ದೀಪ ಮುತ್ತಾತನದೆಂದರು; ನಾಲ್ಕು ತಲೆಮಾರು ಇದರ ಬೆಳಕಿನಲ್ಲೇ ಉಂಡದ್ದೆಂದರು.

ಎರಡು ದಿನಕ್ಕೆ ಕೊಳ್ಳೇಗಾಲದಿಂದ ಹೇಳಿಕೆ ಬಂತು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಅಂಥ ದೀಪದಡಿ ಬೆಳೆದವಳು ನಮ್ಮ ಲಾಟೀನಿನ ಮನೆಯಲ್ಲಿ ಬಾಳಲಾರಳು, ಕ್ಷಮಿಸಬೇಕು. ಹುಡುಗ ಶಿವರತ್ನಳ ಮನಸ್ಸಿಗೆ ಹಿಡಿಸಿದ್ದ. ಅವಳು ಊಟ ಬಿಟ್ಟಳು.

ಸದಾಶಿವಪ್ಪನವರು ಕೊಳ್ಳೇಗಾಲಕ್ಕೆ ಧಾವಿಸಿ, "ಮಾದಪ್ಪನಾಣೆಗೂ ದೀಪ ನಂದಲ್ಲ ಕಣ್ರಿ" ಎಂದರು. ದೊಡ್ಡ ಮನೆತನದವರ ವಿನಯವೇ ಹೀಗೆ ಎಂದು ಗುರುಮಲ್ಲಪ್ಪನವರು ಇನ್ನಷ್ಟು ಹಿಂಜರಿದರು. ಮರುದಿನ ಮಂಟೇಸ್ವಾಮಿಯನ್ನೇ ಅಲ್ಲಿಗೆ ಎಳೆದು ತಂದದ್ದಾಯಿತು. ಯಜಮಾನರ ಸೊತ್ತು ಹೊರಗೆ ಕೊಟ್ಟದ್ದು ಬಯಲಾದರೆ ಅವನ ಕೆಲಸ ಹೋಗುತ್ತದೆ.

"ನಾ ಆ ದೀಪವ ಕಣ್ಣಲ್ಲೂ ಕಂಡಿಲ್ಲ ಸಾ. ಇವರ್ದೇ ಇರ್ಬೇಕು" ಎಂದುಬಿಟ್ಟ. (ಅದೇ ಸಂಜೆ ಹುಲ್ಲಿನಡಿ ಮುಚ್ಚಿ ದೀಪವನ್ನು ಗಾಡಿಯಲ್ಲಿ ಬಂಗಲೆಗೆ ವಾಪಸು ಸಾಗಿಸಿದವನೂ ಅವನೇ.)

ಕೊನೆಗೆ ದೊಡ್ಡಬಸಮ್ಮ ತಾವೇ ಬಸ್ಸು ಹತ್ತಿದರು. ಗುರುಮಲ್ಲಪ್ಪನವರ ಪಡಸಾಲೆಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ನಮ್ಮನೆಯೋರು ದೊಡ್ಡಸ್ತಿಕೆಗೆ ಸುಳ್ಳೇಳ್ತಾರೆ ಕಣ್ರಿ. ಮದ್ವೆ ಆದಾಗ್ನಿಂದ್ಲೂ ಏಳ್ತಾವ್ರೆ."

ಆ ಮಾತಿಗೆ ಮಾತ್ರ ಯಾರೂ ಆಣೆ ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ. ಸಂಬಂಧ ಅಲ್ಲೇ ಕುದುರಿತು.