ಉಪಯಜಮಾನರು

“ನೋಡು ದಾಕ್ಷೀ, ಇನ್ಮೇಲೆ ನೀನು ಒಂಟಿ ಅಲ್ಲ!” ಎನ್ನುತ್ತ ಪಂಚಾಕ್ಷರಿ ಯಂತ್ರಕ್ಕೆ ಹೊದಿಸಿದ್ದ ಲುಂಗಿಯನ್ನು ಸರ್ರನೆ ಎಳೆದ.

ಹಳೇ ಗ್ರೈಂಡರಿನ ಒಡಲು, ಅದಕ್ಕೆ ಸೈಕಲ್ಲಿನ ಮೂರು ಚಕ್ರ, ಟೇಬಲ್ ಫ್ಯಾನಿನ ಕತ್ತು, ಎರಡು ಉದ್ದನೆಯ ತಗಡಿನ ಕೈ, ಹೊಟ್ಟೆಯೊಳಗೆ ಮಿಕ್ಸಿ ಮೋಟಾರು! ತಿಪಟೂರಿನ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಪಂಚಾಕ್ಷರಿಯ ರಿಪೇರಿ ಅಂಗಡಿ. ಅಲ್ಲಿಗೆ ಹೋದ ಮಿಕ್ಸಿ ಚಟ್ನಿ ರುಬ್ಬುವುದೊಂದನ್ನು ಬಿಟ್ಟು ಬೇರೆಲ್ಲ ಕಲಿತು ಬರುತ್ತದೆ ಎಂದು ಊರಿನ ಹೆಂಗಸರು ಆಡಿಕೊಳ್ಳುತ್ತಿದ್ದರು.

“ಇದರ ಹೆಸರು ಉಪಯಜಮಾನ,” ಎಂದ ಪಂಚಾಕ್ಷರಿ.

“ಗುರ್ರ್... ದಾಕ್ಷೀ, ಕಬ್ಬಿಣದ ಮಾತ್ರೆ ತಗೊಂಡ್ಯಾ?” ಎಂದಿತು ಯಂತ್ರ. ಧ್ವನಿ ಪಂಚಾಕ್ಷರಿಯದೇ, ‘ಗುರ್ರ್’ ಮಾತ್ರ ಮೋಟಾರಿನದು.

“ಕಾಲು ಒತ್ತುತ್ತೆ, ವಾಕಿಂಗ್ ಕರ್ಕೊಂಡ್ಹೋಗುತ್ತೆ, ದಿನಾ ಹೊಟ್ಟೆ ಹತ್ರ ಬಗ್ಗಿ ಮಗು ಜೊತೆ ಮಾತಾಡುತ್ತೆ! ಅಪ್ಪನ ದನಿ ಮಗೂಗೆ ಗುರ್ತಾಗ್ಬೇಕು ಅಂತ ಡಾಕ್ಟರಮ್ಮ ಹೇಳಿದ್ರಲ್ವಾ?”

“ಹೇಳಿದ್ರು. ಅಪ್ಪನ್ನ ಜೊತೇಲಿ ಕರ್ಕೊಂಡ್ ಬಾ ಅಂತಾನೂ ಹೇಳಿದ್ರು. ನಾನು ಇದರ ಜೊತೆ ಓಡಾಡುವಾಗ ನೀವೆಲ್ಲಿರ್ತೀರ?”

“ಅಂಗಡೀಲಿ! ಇದನ್ನ ಇನ್ನೂ ಸುಧಾರಿಸ್ತಾ ಇರ್ತೀನಿ!”

ದಾಕ್ಷಾಯಣಿ ಯಂತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಆ ನೋಟವನ್ನು ಅವನು ಮೆಚ್ಚುಗೆ ಎಂದುಕೊಂಡ. ಆಮೇಲೆ ಎಷ್ಟೋ ಸಲ ಆ ನೋಟ ಅವನಿಗೆ ನೆನಪಾಯಿತು.

ಬಾಣಂತನಕ್ಕೆಂದು ಮೊದಲೇ ಬಂದಿದ್ದ ಅತ್ತೆ ಗೌರಮ್ಮನವರು ಯಂತ್ರವನ್ನು ಸುತ್ತು ಹಾಕಿ ನೋಡಿದರು. “ಬಸುರಿ ಗಂಡ ಹೇಗಿರಬೇಕು ಅಂತ ಇದಕ್ಕೆ ಗೊತ್ತಾ, ಅಳಿಯಂದ್ರೇ?”

“ನೀವೇ ಹೇಳಿಕೊಡಿ, ಅತ್ತೆ. ಹೇಳಿದ್ದೆಲ್ಲ ತಲೇಲಿ ಇಟ್ಕೊಳುತ್ತೆ.”

ಅತ್ತೆ ಚಾಪೆ ಹಾಸಿ ಕೂತು ಹೇಳಿದರು. ಬಸುರಿಯ ಗಂಡ ತೆಂಗಿನಕಾಯಿ ಒಡೆಯಬಾರದು. ಕ್ಷೌರ ಮಾಡಿಸಬಾರದು. ಬಸುರಿಯ ಹತ್ತಿರಕ್ಕೆ ಪರಪುರುಷರನ್ನು ಬಿಡಬಾರದು. ಯಂತ್ರ ‘ಗುರ್ರ್’ ಎಂದು ಎಲ್ಲಕ್ಕೂ ತಲೆಯಾಡಿಸಿತು. ಅಷ್ಟು ಗಮನವಿಟ್ಟು ತಮ್ಮ ಮಾತು ಕೇಳುವ ಗಂಡಸನ್ನು ಅತ್ತೆ ಅದೇ ಮೊದಲು ನೋಡಿದ್ದು!

ಮಾರನೆಯ ಶುಕ್ರವಾರ ಪೂಜೆಗೆ ಪಂಚಾಕ್ಷರಿ ಕಾಯಿ ಎತ್ತಿದ್ದೇ ತಡ, ತಗಡಿನ ಕೈ ಅದನ್ನು ಕಸಿದುಕೊಂಡಿತು. ಸಾಲದ್ದಕ್ಕೆ ಬೀದಿಗಿಳಿದು, ಎದುರು ಮಂಡಿಯಲ್ಲಿ ಕಾಯಿ ಒಡೆಯುತ್ತಿದ್ದವರ ಕೈಯಿಂದಲೂ ಕಿತ್ತುಕೊಳ್ಳತೊಡಗಿತು! ತಿಪಟೂರಿನಲ್ಲಿ ಕಾಯಿ ಒಡೆಯಬೇಡಿ ಎಂದರೆ ಉಸಿರಾಡಬೇಡಿ ಎಂದ ಹಾಗೆ. ಮಂಡಿಯವರು ಜಗಳಕ್ಕೆ ಬಂದರು. ಪಂಚಾಕ್ಷರಿ ಕೈಮುಗಿದು, ‘ಹೊರಗಿನ ಕಾಯಿ ಮುಟ್ಟಬೇಡ’ ಎಂದು ಯಂತ್ರಕ್ಕೆ ಹೇಳಿಕೊಟ್ಟ.

ಅಷ್ಟು ಬಿಟ್ಟರೆ ಅದರದು ಚಿನ್ನದಂಥ ಗುಣ. ಆಸ್ಪತ್ರೆಯಲ್ಲಿ ಗಂಡಂದಿರಿಗೆ ಉಸಿರಾಟದ ಪಾಠ ನಡೆದಾಗ ಉಪಯಜಮಾನ ಎಲ್ಲರಿಗಿಂತ ಜೋರಾಗಿ ಉಸಿರೆಳೆದು ನರ್ಸಮ್ಮನ ಟೋಪಿ ನುಂಗಿತು! ಆದರೂ ಡಾಕ್ಟರಮ್ಮ ಬೇರೆ ಗಂಡಂದಿರಿಗೆ, “ಒಂದ್ಸಲಾನೂ ತಪ್ಪಿಸ್ಕೊಂಡಿಲ್ಲ, ನೋಡಿ ಕಲೀರಿ!” ಎಂದರಂತೆ. ಪಂಚಾಕ್ಷರಿ ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದ. ಹೊಗಳಿಕೆ ಯಾರಿಗೆ ಸಿಕ್ಕಿತು ಎಂಬುದು ಅವನಿಗೆ ಹೊಳೆಯಲಿಲ್ಲ.

“ನಾಳೆ ಸ್ಕ್ಯಾನಿಂಗು. ಮಗು ಎದೆಬಡಿತ ಕೇಳಿಸ್ತಾರಂತೆ. ನೀವೇ ಬರ್ಬೇಕು,” ಎಂದಳು ದಾಕ್ಷಾಯಣಿ.

“ಬಂದೇ ಬರ್ತೀನಿ ಕಣೆ!”

ಬೆಳಿಗ್ಗೆ ಪೇಪರಿನವರು ಉಪಯಜಮಾನನ ಸೃಷ್ಟಿಕರ್ತನ ಫೋಟೊ ಬೇಕೆಂದರು. ಇವನ ಗಡ್ಡವೋ ಹಕ್ಕಿ ಗೂಡು ಕಟ್ಟುವಷ್ಟು ಬೆಳೆದಿತ್ತು. ಓಡಿಹೋಗಿ ಕ್ಷೌರ ಮಾಡಿಸಿಕೊಂಡ, ಫೋಟೊ ತೆಗೆಸಿಕೊಂಡ, ಆಸ್ಪತ್ರೆಗೆ ಹಾರಿದ. ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಉಪಯಜಮಾನ ಅಡ್ಡ ನಿಂತಿತ್ತು.

“ಗುರ್ರ್... ಬಸುರಿಯ ಗಂಡ ಕ್ಷೌರ ಮಾಡಿಸಲ್ಲ. ನೀವು ಮಾಡಿಸಿದೀರ. ಅಂದ್ಮೇಲೆ ನೀವು ಗಂಡ ಅಲ್ಲ. ಆಚೆ ಬೆಂಚಿದೆ, ಕೂತ್ಕೊಳಿ.”

“ಲೇ, ನಿನ್ನ ಮಾಡಿದೋನು ನಾನು ಕಣೋ! ಅದು ನನ್ನ ಧ್ವನಿ!”

“ಗುರ್ರ್... ಧ್ವನಿ ಯಾರು ಬೇಕಾದ್ರೂ ಅನುಕರಣೆ ಮಾಡ್ಬಹುದು.”

ಒಳಗಿಂದ ಅತ್ತೆ ಕೂಗಿದರು: “ಕ್ಷೌರ ಬೇಡ ಅಂತ ಬಡ್ಕೊಂಡೆ, ಅಳಿಯಂದ್ರೇ!”

ಪಂಚಾಕ್ಷರಿ ಗೋಡೆಗೆ ಕಿವಿ ಹಚ್ಚಿದ. ಒಳಗೆ ಏನೋ ಟಕಟಕ ಎನ್ನುತ್ತಿತ್ತು. ದಾಕ್ಷಾಯಣಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅವನೇ ಜೋಡಿಸಿದ ಮೋಟಾರು ಅವನ ಕಿವಿಯ ಪಕ್ಕದಲ್ಲೇ ಗುರುಗುಟ್ಟುತ್ತ ಎಲ್ಲವನ್ನೂ ಮುಚ್ಚಿಹಾಕಿತು. ಈ ಕೈಗೆ ಇಷ್ಟು ಚೆನ್ನಾಗಿ ಕೆಲಸ ಯಾಕಾದರೂ ಬಂತೋ ಎಂದು ಮೊದಲ ಸಲ ಅನ್ನಿಸಿತು.

“ಅದನ್ನ ಬಿಚ್ಚಿಹಾಕ್ತೀನಿ,” ಎಂದ ಮನೆಗೆ ಬಂದು.

“ಬಿಚ್ಚಿದ್ರೆ ವಾಕಿಂಗಿಗೆ ಯಾರು ಬರ್ತಾರೆ?”

“ನಾನು.”

“ಬನ್ನಿ, ನೋಡೋಣ,” ಎಂದಳು. ನಂಬಿದ ಹಾಗೆ ಕಾಣಲಿಲ್ಲ.

ಬಿಚ್ಚಲು ಹತ್ತಿರ ಹೋದರೆ ತಗಡಿನ ಕೈ ಅವನನ್ನು ತಳ್ಳುತ್ತಿತ್ತು. ಅಂತೂ ಸಂಜೆ ಅಂಗಡಿಗೆ ಬೀಗ ಹಾಕಿ ಹೊರಟ. ಮುಂದೆ ದಾಕ್ಷಾಯಣಿ, ಪಕ್ಕದಲ್ಲಿ ಉಪಯಜಮಾನ, ಮಾರು ದೂರ ಹಿಂದೆ ನೀರಿನ ಬಾಟಲಿ ಹಿಡಿದ ಪಂಚಾಕ್ಷರಿ! “ಯಾರ್ರೀ ಅದು, ನಿಮ್ಮ ಹಿಂದೇನೇ ಬರ್ತಿರೋದು?” ಎಂದು ಗುರುತು ಸಿಗದೆ ನೆರೆಯಾಕೆ ಕೇಳಿದರೆ ದಾಕ್ಷಾಯಣಿ ತಿರುಗಿ ನೋಡಿ, “ಪರಿಚಯದೋರು,” ಎಂದುಬಿಟ್ಟಳು.

ಆದರೂ ಅವನು ದಿನವೂ ಹೋದ. ಒಂದು ಸಂಜೆ ಅವಳು ನಡಿಗೆ ನಿಧಾನ ಮಾಡಿ, ತಿರುಗದೆಯೇ ಬಾಟಲಿಗೆ ಕೈ ಚಾಚಿದಳು.

ಗಡ್ಡ ಮತ್ತೆ ಬೆರಳಿಗೆ ಸಿಗುವಷ್ಟಾದಾಗಲೇ ನೋವು ಕಾಣಿಸಿಕೊಂಡಿದ್ದು. ಹೆರಿಗೆ ಕೋಣೆಯ ಬಾಗಿಲಲ್ಲಿ ಯಂತ್ರ ಅವನ ಮುಖವನ್ನು ನೋಡೇ ನೋಡಿ, ಪಕ್ಕಕ್ಕೆ ಸರಿಯಿತು. ಅವನು ಹೋಗುತ್ತಲೇ ಅದರ ಬೆನ್ನಿನ ಸ್ವಿಚ್ ಆರಿಸಿ, ಒಳಗೆ ದಾಕ್ಷಾಯಣಿಯ ಕೈ ಹಿಡಿದುಕೊಂಡ. ಅವಳು ಉಗುರು ಊರಿದಳು. ರಕ್ತ ಬಂತು. ಅವನು ಬಿಡಲಿಲ್ಲ.

ಹೆಣ್ಣುಮಗು! ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. “ಮಗೂ, ನಾನು ಕಣೆ, ನಿಮ್ಮಪ್ಪ,” ಎಂದ. ಮಗು ಸೂರು ಹಾರುವಂತೆ ಕಿರುಚಿತು. ಲಾಲಿ ಹಾಡಿದ, ಇನ್ನಷ್ಟು ಕಿರುಚಿತು. ತಡೆಯಲಾರದೆ ಅತ್ತೆ ಹೊರಗೆ ಹೋಗಿ ಸ್ವಿಚ್ ಒತ್ತಿದರು.

“ಗುರ್ರ್... ಮಗೂ, ನಾನು ಕಣೆ, ನಿಮ್ಮಪ್ಪ.”

ಮಗು ಗಪ್ಪನೆ ಸುಮ್ಮನಾಯಿತು! ಬಾಗಿಲ ಕಡೆ ಕತ್ತು ಹೊರಳಿಸಿ ಬಾಯಿ ಚಪ್ಪರಿಸಿತು. ಹೊಟ್ಟೆಯಲ್ಲಿದ್ದಾಗ ದಿನವೂ ಕೇಳಿದ ಅಪ್ಪ ಅದು.

ಅದೇ ವಾರ ಪಂಚಾಕ್ಷರಿ ಉಪಯಜಮಾನನನ್ನು ಬಿಚ್ಚಿ ಮತ್ತೆ ಗ್ರೈಂಡರ್ ಮಾಡಿದ. ಈಗ ಅಂಗಡಿ ಬೇಗ ಮುಚ್ಚುತ್ತಾನೆ. ಮಗುವನ್ನು ಎದೆಗವಚಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ಗಂಟಲು ಹರಿಯುವ ಹಾಗೆ “ಗುರ್ರ್... ಗುರ್ರ್...” ಎನ್ನುತ್ತಾನೆ. ಮಗು ಅವನನ್ನು ಅನುಮಾನದಿಂದ ನೋಡುತ್ತದೆ.

“ಇನ್ನೂ ಸ್ವಲ್ಪ ದಪ್ಪಗೆ ಬರ್ಬೇಕು ಕಣ್ರೀ,” ಎನ್ನುತ್ತಾಳೆ ದಾಕ್ಷಾಯಣಿ, ಮಗುವಿನ ಬಟ್ಟೆ ಮಡಿಸುತ್ತ. “ಅವರು ಚೆನ್ನಾಗಿ ಮಾಡ್ತಿದ್ರು.”