ಅಕ್ಕನ ಕೈಯ ಕರೆಂಟು

ಮನುಷ್ಯ ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬಾರದು ಎಂಬುದನ್ನು ಮೇಲಿನ ತರಗತಿಗಳಲ್ಲಿ ಕಲಿಸುತ್ತಾರೋ ಏನೋ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹೀಗಾಗಿ ಎಲ್ಲದಕ್ಕೂ ಅಂಜುತ್ತೇನೆ. ಈ ಚಳಿಗಾಲದಲ್ಲಿ ಅಂಜಿದ್ದು ನನ್ನ ಅಕ್ಕನ ಕೈಗೆ.

ಭಾವ ತೀರಿಕೊಂಡ ಮೇಲೆ ಅಕ್ಕ ಮರಾಠಿ ಸೀಮೆಯ ಬಿಬವೇವಾಡಿಯಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ನಾನು ಅಂಗಡಿಯಿಂದ ಬಂದ ಕೂಡಲೇ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಯ ಬದಿಗೆ ಒತ್ತಿ, ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆಯುವುದು ಅವಳ ಚಿಕ್ಕಂದಿನ ರೂಢಿ. ನನ್ನ ಮೇಲೆ ಯಾರ ದೃಷ್ಟಿ ಬೀಳಬೇಕು! ಕನ್ನಡಿಯೂ ನನ್ನನ್ನು ಎರಡನೆಯ ಸಲ ನೋಡುವುದಿಲ್ಲ. ಆದರೆ ಒಂದು ಸಂಜೆ ಅವಳ ಬೆರಳು ತಾಗಿದ್ದೇ ತಡ, ‘ಚಟ್’ ಎಂದಿತು. ಮರುದಿನವೂ ಚಟ್. ನನಗೋ ಬಿಪಿ. ಮೈಯ ಕರೆಂಟು ಹೃದಯವನ್ನೇ ನಿಲ್ಲಿಸುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಗಡ್ಡದವರು ಹೇಳಿದ್ದರು. ಅಂದಿನಿಂದ ಅಕ್ಕ ಕೈ ಚಾಚಿದರೆ ನಾನು ಹಿಂದೆ ಸರಿಯತೊಡಗಿದೆ. ಸೀನು ಬಂತು, ಫೋನು ಬಂತು, ನೆಪಕ್ಕೇನು ಬರ.

ಸಂಕ್ರಾಂತಿ ಹತ್ತಿರ ಬಂದಾಗ ಅಕ್ಕ ಚೀಲ ಕಟ್ಟಿದಳು. “ದೌಂಡಿಗೆ ಮಗಳ ಮನಿಗೆ ಹೊಂಟೀನಿ.”

“ಹಬ್ಬ ಬಂತು, ಈಗ್ಯಾಕಕ್ಕಾ?”

“ಕುಂಕುಮ ಇಲ್ಲದಾಕಿ ಕೈ ಮುಖಕ್ಕ ತಾಗಬಾರದು ಅಂತ ನಿನಗೂ ಅನಿಸೇದ, ತಮ್ಮಾ. ಇರಲಿ ಬಿಡು.”

ಕರೆಂಟು ಮಾಡದ್ದನ್ನು ಆ ಮಾತು ಮಾಡಿತು. ಎದೆ ಒಂದು ಕ್ಷಣ ನಿಂತೇ ಹೋಯಿತು. ತಡವರಿಸುತ್ತ ನಿಜ ಹೇಳಿದೆ. “ಅಷ್ಟಕ್ಕ ಯಾರರ ಅಂಜ್ತಾರೇನು?” ಎಂದಳು, ನಂಬಲಿಲ್ಲ. ಕೊನೆಗೆ ಓಣಿಯ ಡಾಕ್ಟರರ ಬಳಿ ಕರೆದೊಯ್ದೆ. ಸೊಲ್ಲಾಪುರದ ಕಡೆಯವರು, ನಮ್ಮದೇ ಕನ್ನಡ ಮಾತು.

“ಹವಾ ಒಣಗೇದ, ಅದಕ್ಕ ಹಂಗ ಆಗ್ತದ್ರಿ. ಇಂಥ ವಿದ್ಯುತ್ತು ಗಾಳ್ಯಾಗೂ ಯಾವಾಗಲೂ ಇರ್ತದ. ಕೂದಲ ನಿಲ್ತಾವ, ಸೂಜಿ ಚುಚ್ಚಿದಂಗ ಆಗ್ತದ, ಮುಗೀತು. ಅಂಜೋದಿದ್ರ ಸಿಡಿಲಿಗೆ ಅಂಜ್ರಿ. ಅಂದಂಗ, ವ್ಯಾಪಾರ ಏನ್ರಿ ನಿಮ್ಮದು?”

“ಪಾಲಿಸ್ಟರ್ ರಗ್ಗು.”

“ದಿನಾ ಅದನ್ನ ತಿಕ್ಕಿ ತಿಕ್ಕಿ ಮಡಚೋರು ನೀವು! ಕರೆಂಟು ಮನಿಗೆ ತರೋರು ನೀವಽ, ಅಕ್ಕಾರಲ್ಲ.”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. “ನೋಡ್ರಿ, ತಾನಽ ಶಾಕ್ ಕೊಟ್ಟು ತಾನಽ ಓಡ್ತಿದ್ದ! ನನಗೂ ಚುರ್ ಅಂತಿತ್ರಿ. ನಾ ಕೈ ತಗದೆನೇನು?”



ಮರಳಿದ್ದೇ ಅಕ್ಕ ಚೀಲ ಬಿಚ್ಚಿದಳು. ಮೈಯ ಕರೆಂಟು ಇಳಿಯಲೆಂದು, ಮನೆಗೆ ಬಂದವನು ಮೊದಲು ಬಾಗಿಲಿನ ಕಬ್ಬಿಣದ ಚಿಲಕ ಮುಟ್ಟಬೇಕೆಂದು ಡಾಕ್ಟರರ ಅಪ್ಪಣೆ. ಎಷ್ಟೋ ಸಲ ಮರೆಯುತ್ತೇನೆ. ಚಟ್ ಎನ್ನುತ್ತದೆ, ಮುಖ ಮಾತ್ರ ಸರಿಸುವುದಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಲ್ಲುತ್ತೇನೆ. ಅದನ್ನು ಅಕ್ಕ ಭಕ್ತಿ ಎಂದುಕೊಂಡಿದ್ದಾಳೆ.