ಪುಸ್ತಕ ಮುಟ್ಟಿದರೆ ಕೈ ಮುರಿದೇನು!

ಬಳ್ಳಾರಿ ಜಿಲ್ಲೆಯ ಸಮಸ್ತ ಮಕ್ಕಳನ್ನೂ ಓದುಗರನ್ನಾಗಿ ಮಾಡದೆ ನಾನು ಕಣ್ಣು ಮುಚ್ಚುವುದಿಲ್ಲ! ಈ ಪಣ ತೊಟ್ಟದ್ದು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗುಮಾಸ್ತನ ಕುರ್ಚಿಯಲ್ಲಿ ಕುಳಿತು. ಏಳನೆಯ ಇಯತ್ತೆಯಲ್ಲೇ ಶಾಲೆ ನನಗೆ ಕೈಮುಗಿದಿತ್ತು. ಆಮೇಲಿನ ವಿದ್ಯೆಯೆಲ್ಲ ಸ್ವಂತ ಸಂಪಾದನೆ. ಆದ್ದರಿಂದ ಕಲಿತವರ ಮೇಲೆ ಸಿಟ್ಟಾಗುವ ಪೂರ್ಣ ಹಕ್ಕು ನನಗಿತ್ತು. ಊರಿನ ವಾರಪತ್ರಿಕೆಯಲ್ಲಿ ಅದನ್ನು ತಪ್ಪದೆ ಚಲಾಯಿಸುತ್ತಿದ್ದೆ. “ಮಗಳ ಕಿವಿಗೆ ಬೆಂಡೋಲೆ ಮಾಡಿಸುವ ಅಪ್ಪಂದಿರೇ, ಅವಳ ಕೈಗೊಂದು ಪುಸ್ತಕ ಕೊಟ್ಟಿದ್ದೀರಾ? ಸಿನಿಮಾ ಟೆಂಟಿನ ದಾರಿ ಬಲ್ಲ ಮಹನೀಯರೇ, ಗ್ರಂಥಾಲಯದ ಬಾಗಿಲು ಯಾವ ದಿಕ್ಕಿಗಿದೆ ಬಲ್ಲಿರಾ?” ಗುಡುಗು! ಸಿಡಿಲು!

ಆ ಗುಡುಗುಗಳನ್ನೆಲ್ಲ ಒಟ್ಟು ಮಾಡಿ ‘ಓದದ ಮಕ್ಕಳು, ಹೊಣೆಗೇಡಿ ಹೆತ್ತವರು’ ಎಂಬ ಗ್ರಂಥವನ್ನೂ ಅಚ್ಚು ಹಾಕಿಸಿದೆ. ಕುರುಗೋಡಿನಲ್ಲಿ ಬಿಡುಗಡೆ. ಜನ ಬಂದರು, ಚಪ್ಪಾಳೆ ತಟ್ಟಿದರು, ಉಪ್ಪಿಟ್ಟು ತಿಂದರು, ಗ್ರಂಥವನ್ನು ಕುರ್ಚಿಯ ಮೇಲೆ ಬಿಟ್ಟು ಹೋದರು.

ಅಂಥ ಹೊತ್ತಿನಲ್ಲಿ ಸಿರುಗುಪ್ಪದಿಂದ ಕರೆ ಬಂತು. ಅಲ್ಲಿಯ ಹೆಡ್‌ಮಾಸ್ತರರು ಹಾಲಸಿದ್ದಪ್ಪನವರು ಖುದ್ದಾಗಿ ಜಿನ್ನಿಗೆ ಬಂದು, “ದೀಪಾವಳಿ ಆದಮ್ಯಾಲೆ ನಮ್ಮ ಸಾಲಿ ವಾರ್ಷಿಕೋತ್ಸವ ಐತ್ರಿ. ನೀವ ಬಂದು ಮಾತಾಡಬೇಕು. ಹುಡುಗ್ರಿಗೆ ಬಹುಮಾನ ಕೊಡಾಕೂ ನಿಮ್ಮ ಪುಸ್ತಕನ ಆಗಲಿ, ಒಂದು ಕಟ್ಟು ತಗದಿಡ್ರಿ” ಅಂದರು. ಕೊನೆಗೂ ನನಗೆ ಓದುಗರು ಹುಟ್ಟಿದರು!

ಮನೆಗೆ ಹಾರಿಕೊಂಡೇ ಬಂದೆ. ಹೆಂಡತಿ ದಾಕ್ಷಾಯಣಮ್ಮ ರೊಟ್ಟಿ ಬಡಿಯುತ್ತ, “ಚಲೋ ಆತು. ಊರ ಮಕ್ಕಳು ಓದಲಿ. ಆದ್ರ ‘ನಿಮ್ಮ ಮನ್ಯಾಗಿನವು ಏನು ಓದ್ಯಾವ್ರಿ’ ಅಂತ ಅಲ್ಲಿ ಯಾರರ ಎದ್ದು ಕೇಳಿದ್ರ ಏನಂತೀರಿ?” ಅಂದಳು.

ನೆತ್ತಿಯ ಮೇಲೆ ತಣ್ಣೀರು! ಮಗಳು ಊರಮ್ಮ ಪುಸ್ತಕ ತೆರೆಯುತ್ತಿದ್ದುದು ಒಳಗಿಟ್ಟ ನವಿಲುಗರಿ ಮರಿ ಹಾಕಿತೇ ಎಂದು ನೋಡಲಿಕ್ಕೆ. ಮಗ ಕೊಟ್ರ ಅದನ್ನು ಎತ್ತುತ್ತಿದ್ದುದು ಜಿರಲೆ ಹೊಡೆಯಲಿಕ್ಕೆ.

ಕಾರ್ಯಾಚರಣೆ ಶುರುವಾಯಿತು. ಗ್ರಹತಾರೆಗಳ ಪುಸ್ತಕ, ಕಡಲುಗಳ್ಳರ ಕಥೆ, ರಾಕ್ಷಸರ ಕಥೆ ಎಲ್ಲ ತಂದೆ. ಬಡಗಿ ದಾವಲಸಾಬನಿಂದ ಗಾಜಿನ ಬಾಗಿಲಿನ ಬೀರು ಮಾಡಿಸಿದೆ. ಮಗಳು ಆ ಗಾಜಿನಲ್ಲಿ ಮುಖ ನೋಡಿಕೊಂಡು ಜಡೆ ಹಾಕಿಕೊಳ್ಳತೊಡಗಿದಳು. ಸಂಜೆ “ಓದ್ರಿ!” ಎಂದರೆ ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರಿಗೆ ನೀರಡಿಕೆ.

ಅಷ್ಟರಲ್ಲಿ ಮಹಾನವಮಿ ಬಂತು. ಆಯುಧಪೂಜೆಗೆ ದಾಕ್ಷಾಯಣಮ್ಮ ಈಳಿಗೆಮಣಿ, ಕುಡಗೋಲು, ನನ್ನ ಸೈಕಲ್ಲುಗಳ ಜೊತೆ ಬೀರುವಿನ ಪುಸ್ತಕಗಳನ್ನೂ ಸಾಲಾಗಿಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದಳು. ನನ್ನ ಗ್ರಂಥ ಮಾತ್ರ ಭಾಷಣದ ತಯಾರಿಗೆಂದು ಮೇಜಿನ ಮೇಲೇ ಉಳಿಯಿತು. “ನಾಳೆ ಬನ್ನಿ ಮುಡಿಯೋತನ ಪುಸ್ತಕ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರ ನೋಡ್ರಿ!” ಎಂದು ಆಜ್ಞೆಯೂ ಹೊರಟಿತು.

ಮಧ್ಯಾಹ್ನ ನೋಡುತ್ತೇನೆ, ಜೋಳದ ಚೀಲಗಳ ಹಿಂದೆ ಎರಡು ತಲೆಗಳು! ನಡುವೆ ಕಡಲುಗಳ್ಳರ ಕಥೆ, ವಿಭೂತಿ ಸಮೇತ!

“ಪೂಜಿಗಿಟ್ಟಿದ್ದು ಯಾಕ ಮುಟ್ಟಿದ್ರಲೇ?”

“ಮುಟ್ಟಬಾರದಂಥಾದ್ದು ಅದರಾಗ ಏನೈತಿ ಅಂತ ನೋಡಾಕ!” ಅಂದ ಕೊಟ್ರ.

ಜ್ಞಾನೋದಯಕ್ಕೆ ಮರವೇ ಬೇಕೆಂದಿಲ್ಲ, ಜೋಳದ ಚೀಲವೂ ಆದೀತು! ಬನ್ನಿ ಮುಡಿದು ಬಂದವನೇ ಬೀರುವಿಗೆ ದಪ್ಪ ಕೀಲಿ ಜಡಿದೆ. “ಇನ್ನ ಮ್ಯಾಲೆ ಈ ಮನ್ಯಾಗ ವರ್ಷಪೂರ್ತಿ ಆಯುಧಪೂಜಿ! ಓದಲೇಬೇಕು ಅಂದ್ರ ಮೇಜಿನ ಮ್ಯಾಲೆ ನನ್ನ ಪುಸ್ತಕ ಐತಿ, ಓದ್ರಿ. ಬೀರುಗೆ ಕೈ ಹಚ್ಚಿದ್ರ ಕೈ ಮುರೀತೀನಿ!”

ಮರುದಿನವೇ ಕೊಟ್ರ ಬೀರುವಿನ ಹಿಂಬದಿಯ ಹಲಗೆ ಬಿಚ್ಚಿದ. ನಾನು ಕಂಡೂ ಕಾಣದವನಾದೆ. ಓದುವವರಿಗೆ ಪುಸ್ತಕ ಅಡಗಿಸಿಡಲು ಪುರಸತ್ತು ಸಿಗಲೆಂದು ಮನೆಯೊಳಗೆ ಕೆಮ್ಮುತ್ತ ತಿರುಗಿದೆ. ಮಾಳಿಗೆಯ ಮೇಲೆ ಓದು! ಬಚ್ಚಲಲ್ಲಿ ಓದು! ಒಲೆಯ ಮುಂದೆ ಓದು!

“ಹಾಲು ಉಕ್ಕಿ ಒಲಿ ಆರಿತು, ರೊಟ್ಟಿ ಹೊತ್ತಿ ಬೆರಣಿ ಆತು. ಇದನ್ನ ಯಾರು ತಿನ್ನಬೇಕ್ರೀ?” ಎಂದಳು ದಾಕ್ಷಾಯಣಮ್ಮ.

“ಕೊಡು, ನಾ ತಿಂತೀನಿ. ಸಾಹಿತ್ಯದ ವಾಸನಿ ಐತಿ ಇದಕ್ಕ!”

“ವಾಸನಿ ಓಣಿತನ ಹೋಗೈತಿ” ಎಂದಳು. ಅದು ನಿಜವಾಯಿತು. ಪಕ್ಕದ ಮನೆಯ ಲಾಲಬೀ ಗೋಡೆಯಾಚೆಯಿಂದ ದನಿ ತಗ್ಗಿಸಿ ಕೇಳಿದಳು: “ಅಣ್ಣಾ, ಮಕ್ಕಳು ನೋಡಬಾರದಂಥಾ ಪುಸ್ತಕ ಬೀರುನ್ಯಾಗಿಟ್ಟು ಕೀಲಿ ಹಾಕೀರಂತ? ನಮ್ಮ ಹುಡುಗ್ರೂ ಅವ ಬೇಕು ಅಂತಾವ. ನಿಮ್ಮಂಥಾರು ಹಿಂಗ ಮಾಡಬೌದಾ?”

ಊರಿಗೆ ಬುದ್ಧಿ ಹೇಳುವ ಅಂಕಣಕಾರನ ಬೀರುವಿನಲ್ಲಿ ಕೆಟ್ಟ ಪುಸ್ತಕ! ಜಿನ್ನಿನ ಹಮಾಲರು ನನ್ನನ್ನು ಕಂಡು ಕಿಸಕ್ಕೆನ್ನತೊಡಗಿದರು. ಒಬ್ಬನಂತೂ ಮೂಲೆಗೆ ಕರೆದು, “ಒಂದು ಓದಾಕ ಕೊಡ್ರಿ ಸಾವ್ಕಾರ್ರ” ಎಂದ. ಈ ಸುದ್ದಿ ಸಿರುಗುಪ್ಪ ಮುಟ್ಟಿದರೆ ಭಾಷಣವೂ ಇಲ್ಲ, ಪುಸ್ತಕದ ಕಟ್ಟೂ ಇಲ್ಲ!

ಮುಟ್ಟಿಯೇಬಿಟ್ಟಿತು. ಆ ಭಾನುವಾರ ಊರಮ್ಮನ ಕೈಯಿಂದ ಗ್ರಹತಾರೆಗಳ ಪುಸ್ತಕ ಕಿತ್ತುಕೊಂಡು, ಬೆತ್ತ ಎತ್ತಿ, ಪಾತ್ರಕ್ಕೆ ತಕ್ಕಂತೆ ಅಬ್ಬರಿಸುತ್ತಿದ್ದೆ: “ಈ ಮನ್ಯಾಗ ಪುಸ್ತಕ ಮುಟ್ಟಿದ್ರ ಕೈ ಮುರೀತೀನಿ!” ಹೊಸ್ತಿಲಲ್ಲಿ ಹಾಲಸಿದ್ದಪ್ಪನವರು ನಿಂತಿದ್ದರು!

“ಬಸ್ಸಿನ್ಯಾಗ ಜನ ಏನೇನರ ಅಂದ್ರು, ನಾ ನಂಬಲಿಲ್ಲ. ಇದೇನ್ರೀ ಇದು?”

ಬೆತ್ತ ಎಸೆದೆ. ಬೀರು ತೆರೆದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವರು ನಂಬದೆ ಮಕ್ಕಳನ್ನು ಕರೆದು ಪರೀಕ್ಷೆಗೆ ಇಳಿದರು. ಶನಿಗ್ರಹದ ಬಳೆ ಯಾವುದರಿಂದ ಆಗಿದೆ, ಕಡಲುಗಳ್ಳ ಹೇಗೆ ಸಿಕ್ಕಿಬಿದ್ದ, ರಾಕ್ಷಸನ ಜೀವ ಎಲ್ಲಿತ್ತು? ಕೇಳಿದ್ದಕ್ಕೆಲ್ಲ ಪಟಪಟ ಉತ್ತರ! ಮಾಸ್ತರರ ಮುಖ ಅರಳಿತು. ನನ್ನ ಎದೆ ಜಿನ್ನಿನ ಹತ್ತಿ ಮೂಟೆಯಷ್ಟು ಉಬ್ಬಿತು.

“ಶಭಾಷ್! ಮತ್ತ ನಿಮ್ಮಪ್ಪನ ಪುಸ್ತಕದಾಗ ಏನೈತವಾ?”

ನನ್ನ ಗ್ರಂಥ ಮೇಜಿನ ಮೇಲಿತ್ತು, ಚಹಾ ಲೋಟದ ಕೆಳಗೆ.

“ಅದನ್ನ ಓದಿಲ್ರಿ” ಅಂದಳು ಊರಮ್ಮ. “ಅದನ್ನ ಓದ್ರಿ ಅಂತ ಅಪ್ಪನ ಹೇಳಿದ್ನಲ್ರಿ!”

ದಾಕ್ಷಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಹಾಲಸಿದ್ದಪ್ಪನವರು ಗಂಭೀರರಾದರು. “ಬಹುಮಾನ ಅಂತ ಕೈಗೆ ಕೊಟ್ರ ಯಾರೂ ಓದಂಗಿಲ್ಲ ಬಿಡ್ರಿ. ನಿಮ್ಮ ಉಪಾಯನ ಮಾಡೂನು” ಎಂದು ಪುಸ್ತಕದ ಕಟ್ಟನ್ನು ಹೊತ್ತೊಯ್ದರು. ಶಾಲೆಯ ಬೀರುವಿನಲ್ಲಿಟ್ಟು, ‘ಮಕ್ಕಳು ಮುಟ್ಟಬಾರದು’ ಎಂದು ಬರೆಸಿ, ಕೀಲಿ ಹಾಕಿದರು.

ಆಮೇಲೆ ಎಷ್ಟೋ ಆಯುಧಪೂಜೆಗಳು ಬಂದು ಹೋದವು. ಸಿರುಗುಪ್ಪಕ್ಕೆ ಹೋದಾಗಲೆಲ್ಲ ಆಸೆಯಿಂದ ಆ ಬೀರುವಿನ ಹಿಂದೆ ಬಗ್ಗಿ ನೋಡಿ ಬರುತ್ತೇನೆ. ಹಿಂಬದಿಯ ಹಲಗೆ ಹಾಕಿದ್ದು ಹಾಕಿದಂತೆಯೇ ಇದೆ!